ಸಂಘದ ಲೆಕ್ಕ ಎಲ್ಲಿರಬೇಕು, ಯಾವಾಗ ಹೊಸದಾಗಬೇಕು?

(ಒಕ್ಕೂಟದ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಹೀಗೆ ನಾಲ್ಕೂ ತಾಲ್ಲೂಕುಗಳಿಂದ, ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ, ಎರಡೆರಡು ಬಸ್ಸು ಹತ್ತಿ ಬಂದಿದ್ದೀರಿ. ಇವತ್ತು ನಾನು ಮಾತಾಡಬೇಕಾದ ವಿಷಯದ ಹೆಸರನ್ನು ಕಾರ್ಯದರ್ಶಿಯವರು ಓದಿದಾಗ ಹಿಂದಿನ ಸಾಲಿನಲ್ಲಿ ಒಬ್ಬರು, "ಕಂಪ್ಯೂಟರ್ ವಿಷಯ ಅಂತೆ ಕಣೇ, ನಮಗ್ಯಾಕೆ?" ಅಂದದ್ದು ನನ್ನ ಕಿವಿಗೆ ಬಿತ್ತು. ನಮಗ್ಯಾಕೆ ಅನ್ನೋದನ್ನೇ ಮೊದಲು ಹೇಳ್ತೀನಿ.

ತಮಗೆಲ್ಲ ತಿಳಿದಿರುವಂತೆ ನಮ್ಮ ಒಕ್ಕೂಟ ಒಂದು ವರದಿ ಸಾಫ್ಟ್‌ವೇರ್ ತೆಗೆದುಕೊಳ್ಳಬೇಕು ಅಂತ ಎರಡು ಸಭೆಗಳಿಂದ ಚರ್ಚೆ ನಡೆದಿದೆ. ಪ್ರತಿ ಸಂಘದ ಉಳಿತಾಯ, ಆಂತರಿಕ ಸಾಲ, ಬ್ಯಾಂಕ್ ಸಾಲ, ಕಂತು, ಸುಸ್ತಿ ಎಲ್ಲವನ್ನೂ ಅದು ಒಂದೇ ಹಾಳೆಯಲ್ಲಿ ತೋರಿಸುತ್ತದೆ. ಹಣ ಎಷ್ಟು ಅನ್ನೋದನ್ನು ನೀವು ಚೆನ್ನಾಗಿಯೇ ಚೌಕಾಸಿ ಮಾಡಿದ್ದೀರಿ. ಆದರೆ ಎರಡು ಪ್ರಶ್ನೆ ಯಾರೂ ಕೇಳಲಿಲ್ಲ. ಆ ಸಾಫ್ಟ್‌ವೇರನ್ನೂ ಅದರೊಳಗಿನ ನಮ್ಮ ಲೆಕ್ಕವನ್ನೂ ಎಲ್ಲಿ ಇಡೋದು? ಅದು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ ಹೊಸದಾಗಬೇಕು?

ಈ ಎರಡು ಪ್ರಶ್ನೆಯನ್ನು ನಾವೂ ಒಂದು ಕಾಲದಲ್ಲಿ ಕೇಳಿರಲಿಲ್ಲ. ಅದರ ಫಲ ಏನಾಯಿತು ಅಂತ ಹೇಳ್ತೀನಿ. ತಪ್ಪು ನಮ್ಮ ಕಚೇರಿಯದೇ, ಅದರಲ್ಲಿ ನನ್ನದೂ ಪಾಲಿದೆ.

ದೊಡ್ಡಬಳ್ಳಾಪುರದ ಕಡೆಯ ಒಂದು ಸಂಘ. ಹೆಸರು ಬೇಡ. ಹೆಚ್ಚಿನವರು ಪವರ್‌ಲೂಮ್ ಮಗ್ಗದಲ್ಲಿ ಕೂಲಿಗೆ ಹೋಗುವವರು. ಬ್ಯಾಂಕಿನಿಂದ ಹೊಸ ಸಾಲಕ್ಕೆ ಅರ್ಜಿ ಹಾಕಿದ್ದರು. ನಾವು ಕಂಪ್ಯೂಟರಿನಿಂದ ವರದಿ ತೆಗೆದು, ಸೀಲು ಒತ್ತಿ ಕಳಿಸಿದೆವು. ಅದರಲ್ಲಿ ಒಬ್ಬ ಸದಸ್ಯೆಯ ಹೆಸರಿನ ಮುಂದೆ ನಾಲ್ಕು ಕಂತು ಸುಸ್ತಿ ಅಂತ ಬಂದಿತ್ತು. ಬ್ಯಾಂಕಿನವರು ಅರ್ಜಿ ವಾಪಸ್ ಕಳಿಸಿದರು. ಸಂಘದಲ್ಲಿ ಗಲಾಟೆ ಆಯಿತು. "ನಿನ್ನೊಬ್ಬಳಿಂದ ಹದಿನೈದು ಜನರ ಸಾಲ ನಿಂತುಹೋಯ್ತು" ಅಂತ ಎಲ್ಲರೂ ಆಕೆಯ ಮೇಲೆ ಬಿದ್ದರು. ಆಕೆ ವಾದ ಮಾಡುವವಳಲ್ಲ. ಎದ್ದು ಹೋದವಳು ಮೂರು ವಾರ ಸಭೆಗೆ ಬರಲಿಲ್ಲ. ನಾಲ್ಕನೇ ವಾರ ನಮ್ಮ ಕಚೇರಿ ಬಾಗಿಲಿಗೆ ಬಂದು, ಪ್ಲಾಸ್ಟಿಕ್ ಕವರಿನಿಂದ ನಾಲ್ಕು ರಸೀದಿ ತೆಗೆದು ನನ್ನ ಮೇಜಿನ ಮೇಲಿಟ್ಟಳು. ನಾಲ್ಕು ಕಂತೂ ಕಟ್ಟಿದ್ದಳು. ಒಂದು ದಿನವೂ ತಪ್ಪಿರಲಿಲ್ಲ. ಒಂದು ಕಂತಿಗೆ ಕಿವಿಯ ಓಲೆ ಗಿರವಿ ಇಟ್ಟಿದ್ದಳಂತೆ.

ಹಾಗಾದರೆ ವರದಿ ಸುಳ್ಳು ಹೇಳಿತೇ? ಕಂತು ಪುಸ್ತಕದಲ್ಲಿ ಸರಿಯಾಗಿ ಬರೆದಿತ್ತು. ಕಚೇರಿಯ ಕಂಪ್ಯೂಟರಿಗೂ ಏರಿಸಿದ್ದರು. ಆದರೆ ವರದಿ ತೋರಿಸುವ ಸಾಫ್ಟ್‌ವೇರ್ ಬೇರೆ ಕಡೆ, ಬಾಡಿಗೆ ಸರ್ವರಿನಲ್ಲಿ ಇತ್ತು. ದಿನಾ ಸಂಜೆ 6 ಗಂಟೆಗೆ ಅದು ನಮ್ಮ ಕಂಪ್ಯೂಟರಿನಿಂದ ಹೊಸ ಲೆಕ್ಕ ಎಳೆದುಕೊಳ್ಳಬೇಕು ಅಂತ ಹೊಂದಿಸಿದ್ದರು. ಆ ಸರ್ವರಿನ ಗಡಿಯಾರ ಗ್ರೀನ್‌ವಿಚ್ ಸಮಯದ್ದು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಅದರ ಸಂಜೆ 6 ಅಂದರೆ ನಮಗೆ ರಾತ್ರಿ 11:30. ಮೊದಮೊದಲು ಕಂಪ್ಯೂಟರ್ ರಾತ್ರಿಯೆಲ್ಲ ಉರಿಯುತ್ತಿತ್ತು, ಗೊತ್ತಾಗಲಿಲ್ಲ. ಆಮೇಲೆ ಕರೆಂಟ್ ಬಿಲ್ ಜಾಸ್ತಿ ಬಂತು ಅಂತ ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಮಲಗಲು ಹೇಳಿದವಳು ನಾನೇ! ಅಂದಿನಿಂದ ಹೊಸ ಲೆಕ್ಕ ಹೋಗಲೇ ಇಲ್ಲ. ಸಾಫ್ಟ್‌ವೇರ್ ಸುಮ್ಮನಿರಲಿಲ್ಲ, "ಆಗಲಿಲ್ಲ" ಅಂತ ಈಮೇಲ್ ಕಳಿಸಿತ್ತು. ಆ ಈಮೇಲ್ ಹೋದದ್ದು ಮದುವೆಯಾಗಿ ಕೆಲಸ ಬಿಟ್ಟು ಹೋಗಿದ್ದ ಹುಡುಗಿಯ ವಿಳಾಸಕ್ಕೆ. ನಾಲ್ಕು ತಿಂಗಳ ಹಿಂದಿನ ಲೆಕ್ಕಕ್ಕೆ ನಾನು ಇವತ್ತಿನ ತಾರೀಕು ಹಾಕಿ ಸಹಿ ಮಾಡಿದ್ದೆ.

ಸಂಘದ ಸಭೆಗೆ ಹೋಗಿ ಎಲ್ಲರ ಮುಂದೆ ಕ್ಷಮೆ ಕೇಳಿದೆ. ಬ್ಯಾಂಕಿಗೆ ತಿದ್ದಿದ ಪತ್ರ ಕೊಟ್ಟೆವು. ಸಾಲ ಬಂತು, ಆದರೆ ಶಾಲೆ ಫೀಸಿನ ಕಾಲ ಮುಗಿದ ಮೇಲೆ ಬಂತು. ಆಕೆ ಈಗ ಸಂಘಕ್ಕೆ ಬರ್ತಾಳೆ. ಮೊದಲಿನಂತೆ ಮುಂದಿನ ಸಾಲಿನಲ್ಲಿ ಕೂರೋದಿಲ್ಲ.

ಈಗ ವಿಷಯಕ್ಕೆ ಬರೋಣ. ನಮ್ಮ ಕಡೆ ಹಿಂದೆ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ವಯಸ್ಸಾದವರಿಗೆ ನೆನಪಿರಬೇಕು. ನೆಲದೊಳಗಿನ ಗುಂಡಿ, ವರ್ಷಗಟ್ಟಲೆ ಕೆಡೋದಿಲ್ಲ. ಆದರೆ ದಿನಾ ಮುದ್ದೆಗೆ ಯಾರೂ ಹಗೇವು ತೆಗೆಯೋದಿಲ್ಲ. ಅದರಿಂದ ಮನೆಯ ವಾಡೆಗೆ, ವಾಡೆಯಿಂದ ಮಿಲ್ಲಿಗೆ, ಮಿಲ್ಲಿಂದ ಅಡುಗೆಮನೆಯ ಹಿಟ್ಟಿನ ಡಬ್ಬಿಗೆ ಬರ್ತಿತ್ತು. ವರದಿ ಅಂದರೆ ಆ ಹಿಟ್ಟಿನ ಡಬ್ಬಿ. ಡೇಟಾ ರಿಫ್ರೆಶ್ ಅಂತ ಕಂಪ್ಯೂಟರಿನವರು ಹೇಳೋದು ಡಬ್ಬಿ ಮತ್ತೆ ತುಂಬಿಸುವ ಕೆಲಸಕ್ಕೆ. ವಾಡೆಯಲ್ಲಿ ಎಷ್ಟೇ ರಾಗಿ ಇದ್ದರೂ ಡಬ್ಬಿ ತುಂಬಿಸದಿದ್ದರೆ ಹಿಟ್ಟಿಲ್ಲ. ಹಾಗೆಯೇ ವಾಡೆಗೆ ಹೊಸ ರಾಗಿ ಬರದೆ ಗಂಟೆಗೊಂದು ಸಲ ಡಬ್ಬಿ ತುಂಬಿಸಿದರೂ ಅದು ಹಳೇ ರಾಗಿಯೇ. ಇದು ಅರ್ಥವಾದರೆ ಮುಕ್ಕಾಲು ವಿಷಯ ಅರ್ಥವಾದಂತೆ.

ಎಲ್ಲಿ ಇಡೋದು ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಎಲ್ಲರಿಗೂ ಗೊತ್ತಿರುವ ದೊಡ್ಡ ಉದಾಹರಣೆ ಇದೆ. ಪಹಣಿ. ಮೊದಲು ಪಹಣಿ ಬೇಕಾದರೆ ಗ್ರಾಮಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಿತ್ತು. ಪುಸ್ತಕ ಅವರ ಕೈಯಲ್ಲಿ. ಅವರು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿಸಿತು. ಆಗ ಪ್ರತಿ ತಾಲ್ಲೂಕು ಕಚೇರಿಯಲ್ಲೂ ಅದರದೇ ಕಂಪ್ಯೂಟರ್, ಅದರಲ್ಲೇ ಆ ತಾಲ್ಲೂಕಿನ ದಾಖಲೆ. ಹೊಸಕೋಟೆ ಪಹಣಿಗೆ ಹೊಸಕೋಟೆಗೇ ಹೋಗಬೇಕು. ಮುಂದೆ ದಾಖಲೆಗಳನ್ನೆಲ್ಲ ಬೆಂಗಳೂರಿನ ಒಂದೇ ಕೇಂದ್ರಕ್ಕೆ ತಂದರು. ಈಗ ನಾಡಕಚೇರಿಯಲ್ಲೂ ಸಿಗುತ್ತದೆ, ಮೊಬೈಲಿನಲ್ಲೂ ನೋಡಬಹುದು. ಅನುಕೂಲ ಆಯಿತು. ಜೊತೆಗೆ ಇನ್ನೊಂದೂ ಆಯಿತು. "ಸರ್ವರ್ ಡೌನ್ ಇದೆ, ನಾಳೆ ಬನ್ನಿ" ಅನ್ನೋ ಮಾತು ಎಲ್ಲ ತಾಲ್ಲೂಕಿನಲ್ಲೂ ಒಂದೇ ದಿನ ಕೇಳುವಂತಾಯಿತು. ರೇಷನ್ ಅಂಗಡಿ ಮುಂದೆ ನಿಂತವರಿಗೆ ಈ ಮಾತು ಹೊಸದಲ್ಲ. ಹತ್ತಿರ ಇಟ್ಟರೆ ಒಂದು ತೊಂದರೆ, ದೂರ ಇಟ್ಟರೆ ಇನ್ನೊಂದು. ಯಾವ ತೊಂದರೆಯನ್ನು ನಾವು ಸಂಭಾಳಿಸಬಲ್ಲೆವು ಅಂತ ನೋಡಿ ಆರಿಸಬೇಕು.

ನಮ್ಮ ಮುಂದೆ ಮೂರು ದಾರಿ ಇದೆ. ಒಂದು, ಒಕ್ಕೂಟದ ಕಚೇರಿ ಕಂಪ್ಯೂಟರಿನಲ್ಲೇ ಎಲ್ಲವನ್ನೂ ಇಡೋದು. ತಿಂಗಳ ಬಾಡಿಗೆ ಇಲ್ಲ, ಇಂಟರ್ನೆಟ್ ಇಲ್ಲದಿದ್ದರೂ ಕಚೇರಿಯಲ್ಲಿ ನಡೆಯುತ್ತದೆ, ಲೆಕ್ಕ ನಮ್ಮ ಕಣ್ಣೆದುರಿಗೇ ಇರುತ್ತದೆ. ಇದನ್ನು ಕೇಳಿದರೆ ನಮ್ಮವರಿಗೆಲ್ಲ ಇಷ್ಟವಾಗುತ್ತದೆ, ಸಾಸಿವೆ ಡಬ್ಬಿಯಲ್ಲಿ ದುಡ್ಡಿಟ್ಟು ಅಭ್ಯಾಸ ಅಲ್ವಾ. ಆದರೆ ಕರೆಂಟ್ ಹೋದರೆ? ಯುಪಿಎಸ್ ಬ್ಯಾಟರಿ ಸತ್ತಿದ್ದರೆ? ಹಾರ್ಡ್ ಡಿಸ್ಕ್ ಒಂದು ದಿನ ಹೇಳದೆ ಕೇಳದೆ ಕೈಕೊಟ್ಟರೆ ಎಲ್ಲ ಸಂಘಗಳ ಲೆಕ್ಕ ಒಟ್ಟಿಗೆ ಹೋಗುತ್ತದೆ. ಅದೂ ಅಲ್ಲದೆ ನೆಲಮಂಗಲದ ಆಚೆ ಹಳ್ಳಿಯವರು ತಮ್ಮದೇ ವರದಿ ನೋಡಲು ಇಲ್ಲಿಗೆ ಬರಬೇಕು. ನಮ್ಮ ಗ್ರಾಮಾಂತರ ಜಿಲ್ಲೆಯ ಜಿಲ್ಲಾಧಿಕಾರಿ ಕಚೇರಿ ಎಷ್ಟೋ ವರ್ಷ ಬೆಂಗಳೂರು ನಗರದೊಳಗೇ ಇತ್ತು, ಒಂದು ಅರ್ಜಿಗೆ ಸಿಟಿ ಬಸ್ಸು ಹತ್ತಬೇಕಿತ್ತು. ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರಕ್ಕೆ ಅದು ಬಂದದ್ದು ಆಮೇಲೆ. ಆ ಅಲೆದಾಟವನ್ನು ನಮ್ಮ ಹೆಂಗಸರಿಗೆ ನಾವೇ ಮತ್ತೆ ಕೊಡಬಾರದು.

ಎರಡನೆಯದು ಬಾಡಿಗೆ ಸರ್ವರ್, ಕ್ಲೌಡ್ ಅಂತಾರೆ. ಮೋಡದಲ್ಲೇನೂ ಇಲ್ಲ, ಎಲ್ಲೋ ಒಂದು ದೊಡ್ಡ ಕಟ್ಟಡದಲ್ಲಿ ಸಾವಿರಾರು ಕಂಪ್ಯೂಟರ್ ಇಟ್ಟು ಬಾಡಿಗೆಗೆ ಕೊಡ್ತಾರೆ. ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಚೆನ್ನೈ, ಮುಂಬಯಿಗಳಲ್ಲಿ, ಅಮೆಜಾನ್ 2016ರಲ್ಲಿ ಮುಂಬಯಿಯಲ್ಲಿ ಇಂಥ ಕೇಂದ್ರ ತೆರೆದವು. ಆದ್ದರಿಂದ "ನಮ್ಮ ಲೆಕ್ಕ ಭಾರತದಲ್ಲೇ ಇರಲಿ" ಅಂತ ಕೇಳಿದರೆ ಮಾಡಿಕೊಡಬಹುದು, ಕೇಳಬೇಕಷ್ಟೆ. ಅಲ್ಲಿ ಕರೆಂಟ್, ಬೆಂಕಿ, ಕಳ್ಳತನದ ಚಿಂತೆ ಅವರದು. ಪ್ರತಿ ಸಂಘದ ಪ್ರತಿನಿಧಿ ತನ್ನ ಮೊಬೈಲಿನಲ್ಲೇ ವರದಿ ನೋಡಬಹುದು. ಆದರೆ ಬಾಡಿಗೆ ಕಟ್ಟೋದು ನಿಂತರೆ ಬಾಗಿಲು ಮುಚ್ಚುತ್ತದೆ. ಯೋಜನೆಯ ಹಣ ಮೂರು ವರ್ಷಕ್ಕೆ ಮುಗಿದಮೇಲೆ ಬಾಡಿಗೆ ಯಾರು ಕಟ್ಟುತ್ತಾರೆ ಅನ್ನೋದನ್ನು ಇವತ್ತೇ ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಪಾಸ್‌ವರ್ಡ್ ಒಬ್ಬರ ಸ್ವಂತ ಹೆಸರಿನಲ್ಲಿರಬಾರದು, ಒಕ್ಕೂಟದ ಹೆಸರಿನಲ್ಲಿರಬೇಕು. ಬಿಟ್ಟು ಹೋಗೋದಾದರೆ ನಮ್ಮ ಲೆಕ್ಕವನ್ನೆಲ್ಲ ಎಕ್ಸೆಲ್ ಫೈಲಿನಲ್ಲಿ ವಾಪಸ್ ಕೊಡ್ತೀರಾ ಅಂತ ಕೇಳಬೇಕು. ಗಂಡನ ಮನೆ ಸೇರುವ ಮೊದಲೇ ಇದೇನು ಬಿಟ್ಟು ಬರುವ ಮಾತು ಅನ್ನಬೇಡಿ. ಸಾಫ್ಟ್‌ವೇರ್ ವಿಷಯದಲ್ಲಿ ಮೊದಲು ಕೇಳಬೇಕಾದ ಮಾತೇ ಅದು.

ಮೂರನೆಯದು ಸರ್ಕಾರದ್ದು. 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುಮಾಡಿದಾಗ ಎಲ್ಲ ಪುಸ್ತಕದಲ್ಲೇ ಇತ್ತು. ಅದೇ ನಬಾರ್ಡ್ 2015ರ ಮಾರ್ಚ್‌ನಲ್ಲಿ ಜಾರ್ಖಂಡಿನ ರಾಮಗಢ, ಮಹಾರಾಷ್ಟ್ರದ ಧುಳೆ ಈ ಎರಡು ಜಿಲ್ಲೆಯಿಂದ ಇ-ಶಕ್ತಿ ಅಂತ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ತರುವ ಕೆಲಸ ಆರಂಭಿಸಿತು. ಸಂಜೀವಿನಿ ಸಂಘಗಳಲ್ಲಿರುವವರು ಲೋಕ್‌ಓಎಸ್ ಆ್ಯಪ್ ಹೆಸರು ಕೇಳಿರ್ತೀರಿ, ಅದು ರಾಷ್ಟ್ರೀಯ ಜೀವನೋಪಾಯ ಅಭಿಯಾನದ್ದು. ಬಾಡಿಗೆ ಇಲ್ಲ, ಸರ್ಕಾರದ ಕಣ್ಣಿಗೂ ಬೀಳುತ್ತೇವೆ. ಆದರೆ ನಮ್ಮ ಎಲ್ಲ ಸಂಘಗಳೂ ಅದರೊಳಗೆ ಬರೋದಿಲ್ಲ. ಯಾವ ಕಾಲಂ ಇರಬೇಕು, ಯಾವ ವರದಿ ಬರಬೇಕು ಅನ್ನೋದು ನಮ್ಮ ಕೈಯಲ್ಲಿಲ್ಲ. ಅದರಲ್ಲಿರುವವರು ಇರಲಿ, ಅದನ್ನು ಬಿಡಬೇಡಿ. ಒಕ್ಕೂಟಕ್ಕೆ ಅದೊಂದೇ ಸಾಲದು ಅಂತ ನನ್ನ ಅಭಿಪ್ರಾಯ.

ನನ್ನನ್ನು ಕೇಳಿದರೆ, ವರದಿ ಬಾಡಿಗೆ ಸರ್ವರಿನಲ್ಲಿರಲಿ. ಪ್ರತಿ ತಿಂಗಳು ಅದರ ಪೂರ್ತಿ ನಕಲು ಒಕ್ಕೂಟದ ಬೀರುವಿನಲ್ಲಿ, ಇನ್ನೊಂದು ನಕಲು ಬೇರೆ ಊರಿನಲ್ಲಿ ಇರಲಿ. ಕೈಬರಹದ ಪುಸ್ತಕ ಮಾತ್ರ ಯಾವ ಕಾರಣಕ್ಕೂ ನಿಲ್ಲಬಾರದು. ಆಕೆಯನ್ನು ಉಳಿಸಿದ್ದು ಆ ನಾಲ್ಕು ರಸೀದಿ ತಾನೇ.

ಇನ್ನು ಸಮಯದ ವಿಷಯ. ಸಾಫ್ಟ್‌ವೇರಿನವರು ಬಂದು "ಮೇಡಂ, ಗಂಟೆಗೊಮ್ಮೆ ರಿಫ್ರೆಶ್ ಮಾಡಿಕೊಡ್ತೀವಿ" ಅಂದರೆ ಹಿಗ್ಗಬೇಡಿ. ಅದಕ್ಕೆ ಹೆಚ್ಚು ಹಣ ಕೇಳ್ತಾರೆ. ಎಷ್ಟು ಬೇಗ ಬೇಕು ಅನ್ನೋದು ಆ ವಸ್ತುವಿನ ಮೇಲೆ ಹೋಗುತ್ತದೆ. ವಿಜಯಪುರದ ಕಡೆ ರೇಷ್ಮೆಗೂಡು ಬೆಳೆಯುವವರಿದ್ದೀರಿ. ಗೂಡಿನ ರೇಟು ನಿನ್ನೆಯದ್ದು ಇವತ್ತು ಉಪಯೋಗಕ್ಕಿಲ್ಲ. ಡೇರಿಯಲ್ಲಿ ಹಾಲು ದಿನಕ್ಕೆ ಎರಡು ಹೊತ್ತು ಅಳೆದು ಬರೆಯುತ್ತಾರೆ, ಬಟವಾಡೆ ಮಾತ್ರ ದಿನಾ ಮಾಡೋದಿಲ್ಲ. ನಮ್ಮ ಸಂಘ ವಾರಕ್ಕೊಮ್ಮೆ ಸೇರುತ್ತದೆ. ವಾರಕ್ಕೊಮ್ಮೆ ಬರುವ ಕಂತನ್ನು ಗಂಟೆಗೊಮ್ಮೆ ಎಣಿಸಿ ಏನು ಮಾಡ್ತೀರಿ? ಆದರೆ ಬೇರೆ ಬೇರೆ ಸಂಘ ಬೇರೆ ಬೇರೆ ದಿನ ಸೇರೋದರಿಂದ ದಿನಕ್ಕೆ ಒಂದು ಸಲ ಬೇಕು, ಅಷ್ಟು ಸಾಕು.

ಎಷ್ಟು ಹೊತ್ತಿಗೆ? ಸಂಘಗಳ ಸಭೆ ಸಂಜೆ ಅಥವಾ ರಾತ್ರಿ ನಡೆಯುತ್ತದೆ. ಲೆಕ್ಕ ಬರೆಯುವವರು ಮರುದಿನ ಬೆಳಿಗ್ಗೆ ಕಂಪ್ಯೂಟರಿಗೆ ಏರಿಸುತ್ತಾರೆ. ಹಾಗಾಗಿ ಮಧ್ಯಾಹ್ನ 2 ಗಂಟೆಗೆ ಅಂತ ನಾನು ಹೇಳ್ತೀನಿ. ಕಚೇರಿ ತೆರೆದಿರುತ್ತದೆ, ಜನ ಇರ್ತಾರೆ, ಆಗಲಿಲ್ಲ ಅಂದರೆ ಕಣ್ಣಿಗೆ ಬೀಳುತ್ತದೆ. ರಾತ್ರಿ ಇಟ್ಟರೆ ಇಂಟರ್ನೆಟ್ ಸುಲಭ ಅನ್ನೋದು ನಿಜ, ದೊಡ್ಡ ಕಂಪನಿಗಳು ಹಾಗೇ ಮಾಡ್ತಾರೆ. ಅವರಿಗೆ ರಾತ್ರಿ ಕಾಯಲು ಜನ ಇದ್ದಾರೆ, ನಮಗಿಲ್ಲ. ಗಂಟೆ ಬರೆಯುವಾಗ "ಭಾರತದ ಸಮಯ" ಅಂತ ಸ್ಪಷ್ಟವಾಗಿ ಬರೆಸಿ. ಯಾಕೆ ಅಂತ ಇನ್ನು ಹೇಳಬೇಕಾಗಿಲ್ಲ.

ಇಂಥ ಸಾಫ್ಟ್‌ವೇರ್‌ಗಳಿಗೆ ಅವುಗಳದೇ ಕಟ್ಟುಪಾಡು ಇರುತ್ತದೆ. ಮೈಕ್ರೋಸಾಫ್ಟಿನ ಪವರ್ ಬಿಐ ಅನ್ನೋದನ್ನು ತೆಗೆದುಕೊಳ್ಳಿ, ನಮ್ಮ ಪ್ರಸಂಗದ್ದು ಅದಲ್ಲ, ಉದಾಹರಣೆಗೆ ಹೇಳ್ತಿದ್ದೀನಿ. ಅದರ ಪ್ರೊ ಎಂಬ ಪರವಾನಗಿಯಲ್ಲಿ ದಿನಕ್ಕೆ ಹೆಚ್ಚೆಂದರೆ 8 ಸಲ ವೇಳೆ ಹಾಕಬಹುದು. ಸತತ ನಾಲ್ಕು ಸಲ ವಿಫಲವಾದರೆ ಅದು ವೇಳಾಪಟ್ಟಿಯನ್ನೇ ನಿಲ್ಲಿಸಿಬಿಡುತ್ತದೆ. ಎರಡು ತಿಂಗಳು ವರದಿಯನ್ನು ಯಾರೂ ತೆರೆದು ನೋಡದಿದ್ದರೂ ನಿಲ್ಲಿಸುತ್ತದೆ. ಮೂಲ ಲೆಕ್ಕ ಕಚೇರಿಯ ಕಂಪ್ಯೂಟರಿನಲ್ಲಿದ್ದರೆ ಆ ಹೊತ್ತಿಗೆ ಆ ಕಂಪ್ಯೂಟರ್ ಚಾಲೂ ಇರಲೇಬೇಕು, ಇಂಟರ್ನೆಟ್ಟೂ ಇರಬೇಕು. ಯಾವ ಸಾಫ್ಟ್‌ವೇರ್ ತಂದರೂ ಈ ಕಟ್ಟುಪಾಡು ಏನೇನು ಅಂತ ಕನ್ನಡದಲ್ಲಿ ಒಂದು ಹಾಳೆ ಬರೆಸಿಕೊಂಡು ಗೋಡೆಗೆ ಅಂಟಿಸಿ. "ಆಗಲಿಲ್ಲ" ಅನ್ನುವ ಸೂಚನೆ ಒಬ್ಬರ ಈಮೇಲಿಗಲ್ಲ, ಇಬ್ಬರು ಪದಾಧಿಕಾರಿಗಳ ಮೊಬೈಲಿಗೆ ಬರಲಿ. ಪದಾಧಿಕಾರಿಗಳು ಬದಲಾದ ದಿನವೇ ನಂಬರೂ ಬದಲಾಗಲಿ. ವರದಿಯ ಮೇಲ್ಗಡೆ ದಪ್ಪ ಅಕ್ಷರದಲ್ಲಿ "ಇಂಥ ದಿನದವರೆಗಿನ ಲೆಕ್ಕ" ಅಂತ ಇರಬೇಕು. ಅದು ಪ್ರಿಂಟ್ ತೆಗೆದ ದಿನ ಅಲ್ಲ, ಲೆಕ್ಕ ಕೊನೆಗೆ ಏರಿದ ದಿನ.

ಬ್ಯಾಂಕಿನ ವಿಷಯ ಬೇರೆ, ಅದನ್ನು ಇದಕ್ಕೆ ಬೆರೆಸಬೇಡಿ. ಸಂಘದ ಸದಸ್ಯರ ಒಬ್ಬೊಬ್ಬರ ಸಾಲದ ವಿವರವನ್ನೂ ಬ್ಯಾಂಕುಗಳು ಸಿಬಿಲ್‌ನಂಥ ಕಂಪನಿಗಳಿಗೆ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕ್ 2016ರಲ್ಲೇ ಹೇಳಿತು. ತಿಂಗಳಿಗೊಮ್ಮೆ ಕಳಿಸುತ್ತಿದ್ದದ್ದು 2025ರ ಜನವರಿ 1ರಿಂದ ಹದಿನೈದು ದಿನಕ್ಕೊಮ್ಮೆ ಆಯಿತು, ಆಗ 15ನೇ ತಾರೀಕಿನದು ಒಂದು, ತಿಂಗಳ ಕೊನೆಯದು ಒಂದು ಅಂತ ಇತ್ತು. ಈಗ ಯೋಚಿಸಿ. ನೀವು 12ನೇ ತಾರೀಕು ಸಂಘದಲ್ಲಿ ಕಂತು ಕೊಟ್ಟಿರಿ. ಪುಸ್ತಕದಲ್ಲಿ ಬರೆದರು, ನಮ್ಮ ವರದಿಯಲ್ಲೂ ಬಂತು. ಆದರೆ ಸಂಘದವರು ಬ್ಯಾಂಕಿಗೆ ಕಟ್ಟಿದ್ದು 17ಕ್ಕೆ. ಕಂತಿನ ದಿನವೂ ಬ್ಯಾಂಕಿನ ಪಟ್ಟಿಯ ತಾರೀಕೂ ಅಷ್ಟರಲ್ಲಿ ದಾಟಿದ್ದರೆ ಆ ಪಟ್ಟಿಯಲ್ಲಿ ಬಾಕಿ ಅಂತಲೇ ಹೋಗುತ್ತದೆ. ನಮ್ಮ ಸಾಫ್ಟ್‌ವೇರ್ ಎಷ್ಟೇ ಹೊಸದಾಗಿರಲಿ, ಅದು ಬ್ಯಾಂಕಿನ ಪಟ್ಟಿಯನ್ನು ತಿದ್ದೋದಿಲ್ಲ. ಅದಕ್ಕೆ ಹಣ ಬೀರುವಿನಲ್ಲಿ ಕೂರಬಾರದು, ಸಭೆಯ ಮರುದಿನವೇ ಬ್ಯಾಂಕಿಗೆ ಹೋಗಬೇಕು. ಅನುಮಾನ ಬಂದರೆ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ತಮ್ಮ ಸಾಲದ ವರದಿಯನ್ನು ಆ ಕಂಪನಿಗಳಿಂದ ಹಣ ಕೊಡದೆ ಪಡೆಯಬಹುದು. ತಪ್ಪಿದ್ದರೆ ದೂರು ಕೊಡಿ. 30 ದಿನದಲ್ಲಿ ಸರಿಮಾಡದಿದ್ದರೆ ಆಮೇಲಿನ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಅಂತ 2024ರ ಏಪ್ರಿಲ್‌ನಿಂದ ನಿಯಮ ಬಂದಿದೆ. ನಮ್ಮ ಹೆಂಗಸರಲ್ಲಿ ಇದನ್ನು ಕೇಳಿ ಪಡೆದವರನ್ನು ನಾನಿನ್ನೂ ನೋಡಿಲ್ಲ.

ಇನ್ನೊಂದು ಸಣ್ಣ ಮಾತು. ಹಳೇ ಫಾರಂನಲ್ಲಿ "ಗಂಡ ಬಿಟ್ಟವರು", ಜಾತಿ, ಕಾಯಿಲೆ, ಆಧಾರ್ ನಂಬರ್ ಎಲ್ಲಾ ಕಾಲಂ ಇವೆ. ಕಚೇರಿ ಬೀರುವಿನಲ್ಲಿದ್ದಾಗ ನಾಲ್ಕು ಜನ ನೋಡುತ್ತಿದ್ದರು. ಮೊಬೈಲಿನ ವರದಿಗೆ ಹೋದರೆ ಊರೇ ನೋಡಬಹುದು. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ಕೇಂದ್ರದ ಕಾಯ್ದೆ ಬಂದಿದೆ, ಒಪ್ಪಿಗೆ ಕೇಳಬೇಕು ಅನ್ನುತ್ತದೆ. ಕಾಯ್ದೆ ಇರಲಿ ಬಿಡಲಿ, ಕಂತಿನ ಲೆಕ್ಕಕ್ಕೆ ಈ ಕಾಲಂ ಬೇಕಾಗಿಲ್ಲ. ಅವನ್ನು ಏರಿಸಲೇಬೇಡಿ. ಒಂದು ಸಂಘದವರು ಇನ್ನೊಂದು ಸಂಘದ ಸದಸ್ಯರ ಹೆಸರು ನೋಡಲಾಗದಂತೆ ಬೀಗ ಹಾಕಿಸಿ. ಒಕ್ಕೂಟಕ್ಕೆ ಮೊತ್ತ ಕಂಡರೆ ಸಾಕು.

ಪಹಣಿಯಲ್ಲಿ ಖಾತೆ ಬದಲಾವಣೆಗೆ ಮೊದಲು ತಕರಾರು ಇದ್ದರೆ ಹೇಳಿ ಅಂತ ನೋಟಿಸು ಹಾಕಿ ದಿನ ಕೊಡ್ತಾರಲ್ಲ, ಅದನ್ನೇ ನಾವೂ ಮಾಡಬೇಕು. ತಿಂಗಳ ವರದಿಯನ್ನು ಮೊದಲು ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಓದು ಬಾರದವರೂ ತಮ್ಮ ಹೆಸರು, ತಮ್ಮ ಮೊತ್ತ ಕೇಳಿ "ಸರಿ" ಅಥವಾ "ತಪ್ಪು" ಅನ್ನಲಿ. ತಿದ್ದಿದ ಮೇಲೆಯೇ ಬ್ಯಾಂಕಿಗೆ ಹೋಗಲಿ. ನಾನಾಗಲಿ, ನನ್ನ ನಂತರ ಬರುವ ಸಿಸ್ಟರ್ ಆಗಲಿ, ಹಾಗೆ ಓದದ ವರದಿಗೆ ಸಹಿ ಕೇಳಿದರೆ ಕೊಡೋದಿಲ್ಲ. ಇದನ್ನು ನಿಯಮ ಅಂತ ಇವತ್ತೇ ಬರೆದುಕೊಳ್ಳಿ.

ಮುಂದಿನ ತಿಂಗಳ ಸಭೆಗೆ ಸಾಫ್ಟ್‌ವೇರ್ ಕೊಡುವ ಇಬ್ಬರನ್ನು ಕರೆದಿದ್ದೇವೆ. ಪ್ರತಿ ಸಂಘದವರೂ ಖಾತೆ ಪುಸ್ತಕ, ನಗದು ಪುಸ್ತಕ ಎರಡನ್ನೂ ತನ್ನಿ. ಅವರು ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸುತ್ತಾರೆ, ನೋಡಿ ಸಂತೋಷಪಡಿ. ಆಮೇಲೆ ನಿಮ್ಮ ಪುಸ್ತಕದ ಒಂದು ಕಂತನ್ನು ಅವರ ಕೈಲೇ ಅಲ್ಲೇ ಏರಿಸಿ, ಅದು ವರದಿಯಲ್ಲಿ ಯಾವಾಗ ಕಾಣುತ್ತದೆ ಅಂತ ಗಡಿಯಾರ ಹಿಡಿದು ಕೂತುಕೊಳ್ಳಿ. ಊಟ ಒಂದೂವರೆಗೆ, ಕಾಣಿಸಿದ ಮೇಲೆ ಊಟ ಮಾಡೋಣ.